ಮ್ಯಾನೇಜರ್ ಬೇಕಾ? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. "ಅಕ್ಕಾ, ನಮ್ಮ ಬ್ಯಾಂಡಿಗೆ ಒಬ್ಬ ಮ್ಯಾನೇಜರ್ ಬೇಕಿತ್ತು, ಯಾರಾದ್ರೂ ಗೊತ್ತಾ?"

"ವರ್ಷಕ್ಕೆ ಎಷ್ಟು ಶೋ ಮಾಡ್ತೀರಿ?"

"ಏಳೆಂಟು."

"ಹಾಗಾದರೆ ಮ್ಯಾನೇಜರ್ ಬಂದು ಏನು ಮಾಡಬೇಕು?"

"ಶೋ ತರಬೇಕು ಅಕ್ಕಾ."

2018ರಲ್ಲಿ ನಾನೂ ಇದೇ ಮಾತು ಆಡಿದ್ದೆ. ಆಮೇಲೆ ಹನ್ನೊಂದು ತಿಂಗಳು ಅದರ ಬೆಲೆ ತೆತ್ತೆ. ಹಾಗಾಗಿ ಫೋನಿನಲ್ಲಿ ಪ್ರತಿ ಸಲ ಹೇಳುವುದನ್ನು ಒಮ್ಮೆ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಧಾರವಾಡದವಳು, ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಐದು ಜನರ ಬ್ಯಾಂಡ್ ನಮ್ಮದು. ಶಿಶುನಾಳ ಶರೀಫರ ತತ್ವಪದ, ವಚನ, ಸೋಬಾನೆ ಪದ, ಜೊತೆಗೆ ನಮ್ಮವೇ ಒಂದಿಷ್ಟು ಹಾಡು. ಗಿಟಾರ್, ಬೇಸ್, ಡ್ರಮ್ಸ್ ನುಡಿಸುವ ಮೂವರು, ದಮಡಿ ಮತ್ತು ಚೌಡಿಕೆ ನುಡಿಸುವ ಹುಡುಗ ಒಬ್ಬ. ಹಾಡುವುದು ನಾನು, ಏಕತಾರಿ ಹಿಡಿಯುವುದೂ ನಾನೇ. ಟೆಂಪೋ ಟ್ರಾವೆಲರ್ ಬುಕ್ ಮಾಡುವುದು, ಅಡ್ವಾನ್ಸ್ ಕೇಳುವುದು, ಬಿಲ್ ಬರೆಯುವುದು, ಮಧ್ಯಾಹ್ನದ ಊಟಕ್ಕೆ ಎಷ್ಟು ಜನ ಅಂತ ಸಂಘಟಕರಿಗೆ ಹೇಳುವುದು, ಇದೂ ಬಹಳ ವರ್ಷ ನಾನೇ ಮಾಡುತ್ತಿದ್ದೆ.

ಕೆಲಸವೇ ಇಲ್ಲದ ಅಂಗಡಿಗೆ ಗುಮಾಸ್ತ

ಮೊದಲ ಮ್ಯಾನೇಜರ್ ಸಿಕ್ಕಿದ್ದು ಒಂದು ಕಾಲೇಜು ಫೆಸ್ಟ್‌ನಲ್ಲಿ. ಹೆಸರು ಬೇಡ. ಚೆನ್ನಾಗಿ ಮಾತಾಡುತ್ತಿದ್ದ, ಎಲ್ಲರ ನಂಬರೂ ಅವನ ಫೋನಿನಲ್ಲಿತ್ತು. ಎರಡು ಪುಟದ ಅಗ್ರಿಮೆಂಟ್ ತಂದ. ನಾನು ಓದಿದ್ದು ಮೊದಲನೇ ಪುಟ ಮಾತ್ರ. ಎರಡನೇ ಪುಟದಲ್ಲಿ "ಕಲಾವಿದೆಯ ಎಲ್ಲ ಆದಾಯದ 20 ಪರ್ಸೆಂಟ್" ಅಂತ ಇತ್ತು. ಎಲ್ಲ ಅಂದರೆ ಎಲ್ಲ. ಶನಿವಾರ ಮನೆಯಲ್ಲಿ ಒಂಬತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಆ ಫೀಸಿನಲ್ಲೂ ಅವನಿಗೆ ಪಾಲು!

ಹನ್ನೊಂದು ತಿಂಗಳಲ್ಲಿ ಅವನು ತಂದಿದ್ದು ಎರಡು ಶೋ. ಅದರಲ್ಲಿ ಒಂದು ಮಾಲ್‌ನಲ್ಲಿ, ಪುಕ್ಕಟೆ. "ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ" ಅಂದ. ಉಳಿದ ಒಂಬತ್ತು ಶೋ ಮೊದಲಿನ ಹಾಗೆ ನನ್ನ ಫೋನಿಗೇ ಬಂದವು. ಒಂದು ನನ್ನ ಚಿಕ್ಕಪ್ಪನ ಮಗಳು ಪಾಠ ಮಾಡುವ ಶಾಲೆಯ ವಾರ್ಷಿಕೋತ್ಸವ, ತುಮಕೂರಿನಲ್ಲಿ. ಅದಕ್ಕೂ 20 ಪರ್ಸೆಂಟ್ ಹೋಯಿತು.

ಅವನನ್ನು ಪೂರ್ತಿ ಬೈಯಲು ನನಗೆ ಈಗ ಮನಸ್ಸಿಲ್ಲ. ಕೆಲಸವೇ ಇಲ್ಲದ ಅಂಗಡಿಗೆ ಗುಮಾಸ್ತನನ್ನು ಇಟ್ಟವಳು ನಾನು. ಗಿರಾಕಿ ಯಾಕೆ ಬರಲಿಲ್ಲ ಅಂತ ಅವನನ್ನು ಕೇಳಿ ಏನು ಪ್ರಯೋಜನ?

ನಮ್ಮ ಅಜ್ಜ ಕಂಪನಿ ನಾಟಕದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರು. ಈ ಕಥೆಯನ್ನೆಲ್ಲ ಕೇಳಿ ನಕ್ಕರು. "ನಮ್ಮ ಕಂಪನ್ಯಾಗೂ ಮ್ಯಾನೇಜರ್ ಇದ್ದ ಯವ್ವಾ. ಮುಂದಿನ ಕ್ಯಾಂಪ್ ಯಾವ ಜಾತ್ರಿ, ಥೇಟರ್ ಹಾಕಾಕ ಜಾಗ ಎಲ್ಲಿ, ಲೈಸನ್ಸ್ ಆತೋ ಇಲ್ಲೋ, ಗೇಟಿನ್ಯಾಗ ಎಷ್ಟು ರೊಕ್ಕ ಬಂತು, ಎಲ್ಲಾ ಅಂವನ ನೋಡ್ತಿದ್ದ. ಯಾಕಂದ್ರ ದಿನಾ ನಾಟಕ ಇರ್ತಿತ್ತು. ನಿನಗ ದಿನಾ ಏನೈತಿ?"

ನನಗೆ ದಿನಾ ಏನಿದೆ? ಉತ್ತರ ಗೊತ್ತಿರಲಿಲ್ಲ. ನೋಟ್‌ಬುಕ್ ಶುರುವಾಗಿದ್ದು ಅಲ್ಲಿಂದ.

ನಾ, ಯಾ, ತಿ

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮೂರು ತಿಂಗಳು ಬರೆಯಬೇಕು. ತಿಂಗಳು ಮಾತ್ರ ಸರಿಯಾಗಿ ಆರಿಸಿಕೊಳ್ಳಿ. ಆಷಾಢದಲ್ಲಿ ಬರೆದರೆ ಪುಟ ಖಾಲಿ ಇರುತ್ತದೆ, ಮದುವೆಯೂ ಇಲ್ಲ, ಮಳೆಗೆ ಬಯಲಿನ ಸ್ಟೇಜೂ ಇಲ್ಲ. ನಾನು ಗಣೇಶನ ಹಬ್ಬದಿಂದ ನವೆಂಬರ್ ಕೊನೆವರೆಗೆ ಬರೆಯುತ್ತೇನೆ. ಗಣೇಶೋತ್ಸವ, ದಸರಾ, ದೀಪಾವಳಿ, ಆಮೇಲೆ ಇಡೀ ತಿಂಗಳು ಕಂಪನಿಗಳ, ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವ. ನಮ್ಮಂಥ ಬ್ಯಾಂಡಿಗೆ ಸುಗ್ಗಿ ಅಂದರೆ ಇದೇ. ಮದುವೆ ಮನೆಯಲ್ಲಿ ಹಾಡುವವರಾದರೆ ಫೆಬ್ರವರಿಯಿಂದ ಮೇವರೆಗೆ ಬರೆಯಿರಿ.

ಹಾಡು, ರಿಯಾಜು, ರಿಹರ್ಸಲ್, ರೆಕಾರ್ಡಿಂಗ್ ಬಿಟ್ಟು ಸಂಗೀತದ ಹೆಸರಲ್ಲಿ ನೀವು ಮಾಡುವ ಉಳಿದ ಎಲ್ಲ ಕೆಲಸವನ್ನೂ ಬರೆಯಬೇಕು. ಹತ್ತು ನಿಮಿಷದ ಫೋನಾದರೂ ಸರಿ. ಎಷ್ಟು ಹೊತ್ತು ಹಿಡಿಯಿತು ಅಂತ ಪಕ್ಕದಲ್ಲಿ ಹಾಕಿ. ರಾತ್ರಿ ಮಲಗುವ ಮುಂಚೆ ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಬರೆಯಿರಿ.

ಆ ಕೆಲಸ ನೀವೇ ಮಾಡಬೇಕು ಅನಿಸಿದರೆ "ನಾ". ಯಾವ ಹಾಡು ಹಾಡಬೇಕು ಅಂತ ಸಂಘಟಕರ ಜೊತೆ ಮಾತಾಡುವುದು, ಪತ್ರಿಕೆಯವರಿಗೆ ಉತ್ತರ ಕೊಡುವುದು ಇಂಥವು.

ಸ್ವಲ್ಪ ಹೇಳಿಕೊಟ್ಟರೆ ಯಾರು ಬೇಕಾದರೂ ಮಾಡಬಹುದು ಅನಿಸಿದರೆ "ಯಾ". ಗಾಡಿ, ರೂಮು, ಊಟ, ಫೋಟೋ ಕಳಿಸುವುದು, ಅದೇ ಕೊಟೇಶನ್ನನ್ನು ಇಪ್ಪತ್ತನೇ ಸಲ ಟೈಪ್ ಮಾಡುವುದು.

ತಿಳಿದವರೇ ಮಾಡಬೇಕು ಅನಿಸಿದರೆ "ತಿ". ಎಂಬತ್ತು ಸಾವಿರ ಅಂದವರನ್ನು ಒಂದು ಲಕ್ಷಕ್ಕೆ ಒಪ್ಪಿಸುವುದು, ಒಪ್ಪಂದ ಓದುವುದು, ಒಂದೇ ದಿನಕ್ಕೆ ಬಂದ ಎರಡು ಕರೆಯಲ್ಲಿ ಯಾವುದಕ್ಕೆ ಇಲ್ಲ ಅನ್ನಬೇಕು ಅಂತ ತೂಗುವುದು, ಮುಂದಿನ ವರ್ಷ ಯಾವ ಉತ್ಸವಕ್ಕೆ ಯಾರಿಗೆ ಯಾವಾಗ ಬರೆಯಬೇಕು ಅಂತ ಯೋಚಿಸುವುದು.

2019ರ ನನ್ನ ಲೆಕ್ಕ ಹೀಗಿತ್ತು. ಒಟ್ಟು 96 ಗಂಟೆ. ಯಾ 61, ನಾ 26, ತಿ ಬರೀ 9. ಮೂರು ತಿಂಗಳಲ್ಲಿ ಒಂಬತ್ತು ಗಂಟೆ ಕೆಲಸಕ್ಕೆ ನಾನು ವರ್ಷವಿಡೀ 20 ಪರ್ಸೆಂಟ್ ಕೊಟ್ಟಿದ್ದೆ. ನೋಡಿ ಹೊಟ್ಟೆ ಉರಿಯಿತು.

ಆಗ ನನಗೆ ಬೇಕಿದ್ದದ್ದು "ಯಾ" ಕೆಲಸಕ್ಕೆ ಒಂದು ಕೈ. ಪಕ್ಕದ ಬೀದಿಯ ಬಿಕಾಂ ಓದುವ ಹುಡುಗಿಗೆ ತಿಂಗಳಿಗೆ ₹6,000 ಕೊಟ್ಟು ವಾರಕ್ಕೆ ಐದಾರು ಗಂಟೆ ಕೆಲಸ ಹಚ್ಚಿದೆ. ನಾನು ಒಂದು ಸಲ ಕೂತು ಕೊಟೇಶನ್, ಬಿಲ್, ಟೆಕ್ ರೈಡರ್ ಮೂರಕ್ಕೂ ಮಾದರಿ ಮಾಡಿಕೊಟ್ಟೆ. ಟೆಕ್ ರೈಡರ್ ಅಂದರೆ ನಮಗೆ ಎಷ್ಟು ಮೈಕು, ಎಷ್ಟು ಮಾನಿಟರ್, ಯಾವ ಆಂಪ್, ಸ್ಟೇಜಿನ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಸೌಂಡಿನವರಿಗೆ ಕಳಿಸುವ ಹಾಳೆ. ಅರ್ಧ ತಲೆನೋವು ಅಲ್ಲಿಗೇ ಹೋಯಿತು. ನನ್ನನ್ನು ಕೇಳಿದರೆ, ಮ್ಯಾನೇಜರ್ ಹುಡುಕುವ ಹತ್ತು ಬ್ಯಾಂಡುಗಳಲ್ಲಿ ಏಳೆಂಟಕ್ಕೆ ಬೇಕಿರುವುದು ಇಂಥ ಒಬ್ಬ ಹುಡುಗಿಯೇ.

ಗಂಡನನ್ನೋ ತಮ್ಮನನ್ನೋ ಈ ಕೆಲಸಕ್ಕೆ ಹಚ್ಚಬಹುದಾ? ನಾನು ಗಂಡನನ್ನು ಒಂದು ತಿಂಗಳು ಹಚ್ಚಿದ್ದೆ. ಒಗ್ಗರಣೆ ಹಾಕುವಾಗ "ದಾವಣಗೆರೆಯವರಿಗೆ ಫೋನ್ ಮಾಡಿದ್ರಾ?" ಅಂತ ಕೇಳಿದ್ದಕ್ಕೆ ಅವರು ಅಲ್ಲೇ ರಾಜೀನಾಮೆ ಕೊಟ್ಟರು. ಕೆಲವರ ಮನೆಯಲ್ಲಿ ನಡೆಯುತ್ತದೆ, ನಮ್ಮಲ್ಲಿ ನಡೆಯಲಿಲ್ಲ.

ಸೋರುವುದು ಎಲ್ಲಿ?

2020, 21 ಹೇಗೆ ಹೋದವು ಅಂತ ಎಲ್ಲ ಕಲಾವಿದರಿಗೂ ಗೊತ್ತು. 2022ರಲ್ಲಿ ಶೋಗಳು ಒಮ್ಮೆಲೇ ನುಗ್ಗಿ ಬಂದವು. ಮತ್ತೆ ನೋಟ್‌ಬುಕ್ ತೆಗೆದೆ. ಮೂರು ತಿಂಗಳಲ್ಲಿ 17 ಶೋ, 212 ಗಂಟೆ. ಯಾ 104, ನಾ 57, ತಿ 51.

ತಿ ಒಂಬತ್ತರಿಂದ ಐವತ್ತೊಂದಕ್ಕೆ ಏರಿತ್ತು. ಆದರೆ ನನ್ನ ಕಣ್ಣು ತೆರೆಸಿದ್ದು ಗಂಟೆಯ ಲೆಕ್ಕಕ್ಕಿಂತ ಕೊನೆಯ ಪುಟ. ಅಲ್ಲಿ "ಕೈ ತಪ್ಪಿದ್ದು" ಅಂತ ಒಂದು ಪಟ್ಟಿ ಮಾಡಿದ್ದೆ. ನೀವೂ ತಪ್ಪದೆ ಮಾಡಿ. ನನ್ನ ಪಟ್ಟಿಯಲ್ಲಿ ಇದ್ದವು ಇವು: ನಾಲ್ಕು ಕಡೆಯಿಂದ ಬರಬೇಕಿದ್ದ ₹1,85,000 ಬಾಕಿ. ನಾನು ಸೌಂಡ್ ಚೆಕ್‌ನಲ್ಲಿದ್ದಾಗ ಫೋನ್ ಎತ್ತಲಿಲ್ಲ ಅಂತ ಬೇರೆಯವರ ಪಾಲಾದ ಎರಡು ಶೋ. ಮತ್ತೆ ಅಮೆರಿಕದ ಒಂದು ಕನ್ನಡ ಕೂಟ.

ಈ ಅಮೆರಿಕದ ವಿಷಯ ಸ್ವಲ್ಪ ಹೇಳಬೇಕು. ನಮ್ಮಂಥ ಜಾನಪದ ಹಾಡುವವರನ್ನು ಅಲ್ಲಿಗೆ ಕರೆಸಿಕೊಳ್ಳಲು ಪಿ-3 ಅಂತ ಒಂದು ವೀಸಾ ಇದೆ, ಒಂದು ಜನಾಂಗದ ವಿಶಿಷ್ಟ ಕಲೆಯವರಿಗೆ ಅಂತಲೇ ಇರುವುದು. ಅರ್ಜಿ ಹಾಕುವುದು ಅಲ್ಲಿ ಕರೆಸಿಕೊಳ್ಳುವವರು. ಆದರೆ ಪೇಪರ್ ಕೊಡಬೇಕಾದವರು ನಾವು. ಯಾವ ದಿನ ಎಲ್ಲಿ ಕಾರ್ಯಕ್ರಮ, ಒಪ್ಪಂದ, ಪತ್ರಿಕೆಯಲ್ಲಿ ಬಂದದ್ದು, ಈ ಕಲೆ ನಿಜಕ್ಕೂ ಇಂಥದ್ದು ಅಂತ ತಿಳಿದವರ ಪತ್ರ, ಐದೂ ಜನರ ಪಾಸ್‌ಪೋರ್ಟ್. ಕೂಟದವರು ಜೂನ್‌ನಿಂದ ಕೇಳುತ್ತಿದ್ದರು. ನಾನು "ಈ ವಾರ ಕಳಿಸ್ತೀನಿ" ಅಂತ ಆಗಸ್ಟ್‌ವರೆಗೆ ತಳ್ಳಿದೆ. ಅವರು ಬೇರೆ ತಂಡ ಹುಡುಕಿಕೊಂಡರು. ಅವರದ್ದೇನೂ ತಪ್ಪಿಲ್ಲ.

ಇದನ್ನೇ ನಾನು ಸೋರುವುದು ಅನ್ನುತ್ತೇನೆ. ಕೆಲಸ ಬಾಗಿಲಿಗೆ ಬಂದಿದೆ, ತೆಗೆಯಲು ಕೈ ಬಿಡುವಿಲ್ಲ. ಸೋರಿದ್ದನ್ನೆಲ್ಲ ರೂಪಾಯಿಯಲ್ಲಿ ಬರೆದು ಕೂಡಿಸಿ. ಆ ಮೊತ್ತ, ನೀವು ಒಂದು ವರ್ಷದಲ್ಲಿ ಕೊಡಬೇಕಾದ ಕಮಿಷನ್‌ಗಿಂತ ಜಾಸ್ತಿ ಇದ್ದರೆ ಮ್ಯಾನೇಜರ್ ಹುಡುಕಲು ಶುರು ಮಾಡಿ. ಕಡಿಮೆ ಇದ್ದರೆ ನೋಟ್‌ಬುಕ್ ಮುಚ್ಚಿಟ್ಟು ಹಾಡು ಕಟ್ಟಿ, ಮುಂದಿನ ಸುಗ್ಗಿಗೆ ಮತ್ತೆ ನೋಡಿದರಾಯಿತು.

20 ಪರ್ಸೆಂಟ್ ಅಂದರೆ ಎಷ್ಟು?

ಇದು ಸ್ವಲ್ಪ ಉದ್ದ ಆಗುತ್ತದೆ. ಜನ ಜಾಸ್ತಿ ಎಡವುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಮ್ಯಾನೇಜರ್ ಕಮಿಷನ್ ಸಾಮಾನ್ಯವಾಗಿ 15ರಿಂದ 20 ಪರ್ಸೆಂಟ್. ಹೊರದೇಶದಲ್ಲೂ ಹೆಚ್ಚುಕಡಿಮೆ ಅಷ್ಟೇ. ಶೋ ಬುಕ್ ಮಾಡಿಸುವುದಷ್ಟೇ ಮಾಡುವ ಏಜೆಂಟ್ ಆದರೆ 10ರ ಆಸುಪಾಸು. ಆದರೆ ಪರ್ಸೆಂಟ್ ಎಷ್ಟು ಅನ್ನುವುದಕ್ಕಿಂತ ಯಾವುದರ ಮೇಲೆ ಅನ್ನುವುದು ಮುಖ್ಯ.

ಒಂದು ಶೋಗೆ ₹1,20,000 ಬಂತು ಅಂದುಕೊಳ್ಳಿ. ಸೌಂಡ್ ಎಂಜಿನಿಯರ್, ಗಾಡಿ, ರೂಮು, ಊಟ, ಒಬ್ಬ ಕೊಳಲಿನವರು, ಎಲ್ಲ ಸೇರಿ ಖರ್ಚು ₹54,000. ಉಳಿಯುವುದು ₹66,000.

ಒಟ್ಟು ಹಣದ ಮೇಲೆ 20 ಪರ್ಸೆಂಟ್ ಅಂದರೆ ಮ್ಯಾನೇಜರ್‌ಗೆ ₹24,000. ಖರ್ಚೂ ಕಳೆದು ನಮ್ಮ ಐವರಿಗೆ ಉಳಿಯುವುದು ₹42,000, ಅಂದರೆ ತಲೆಗೆ ₹8,400. ಸ್ಟೇಜ್ ಹತ್ತದವರಿಗೆ 24 ಸಾವಿರ, ಹತ್ತಿದವರಿಗೆ 8 ಸಾವಿರ! ಡ್ರಮ್ಮರ್ ಮುಖ ಹೇಗಿತ್ತು ಅಂತ ನನಗಿನ್ನೂ ನೆನಪಿದೆ.

ಖರ್ಚು ಕಳೆದು ಉಳಿದದ್ದರ ಮೇಲೆ 15 ಪರ್ಸೆಂಟ್ ಅಂದರೆ ಮ್ಯಾನೇಜರ್‌ಗೆ ₹9,900. ನಮಗೆ ತಲೆಗೆ ₹11,220. ಈಗ ಎಲ್ಲರೂ ಒಂದೇ ಗಾಡಿಯಲ್ಲಿ ಮುಖ ನೋಡಿಕೊಂಡು ಕೂರಬಹುದು. ಜೊತೆಗೆ ಒಂದು ಲಾಭ ಇದೆ. ಖರ್ಚು ಕಡಿಮೆ ಆದಷ್ಟು ಮ್ಯಾನೇಜರ್‌ಗೂ ಜಾಸ್ತಿ ಸಿಗುತ್ತದೆ, ಹಾಗಾಗಿ ಅವರೂ ಗಾಡಿಯವರ ಜೊತೆ ಚೌಕಾಸಿ ಮಾಡುತ್ತಾರೆ. ಆದರೆ ಖರ್ಚಿನ ಬಿಲ್ಲುಗಳನ್ನು ಅವರಿಗೆ ತೋರಿಸಬೇಕು, ಮುಚ್ಚಿಡಬಾರದು. ಕಮಿಷನ್ ತೀರಾ ಕಡಿಮೆ ಬೀಳುವ ತಿಂಗಳಿಗೆ ಕನಿಷ್ಠ ಇಷ್ಟು ಅಂತ ಒಂದು ಮೊತ್ತ ಇಟ್ಟರೆ ನ್ಯಾಯ. ಅವರ ಮನೆ ಬಾಡಿಗೆಗೆ ಆಷಾಢ ಇಲ್ಲ.

ಇನ್ನೊಂದು, ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ. ಕಂಪನಿಗಳು ಕಲಾವಿದರಿಗೆ ಕೊಡುವಾಗ ಸಾಮಾನ್ಯವಾಗಿ 10 ಪರ್ಸೆಂಟ್ ಹಿಡಿದುಕೊಂಡು ಕೊಡುತ್ತವೆ. ₹1,20,000ದಲ್ಲಿ ₹12,000 ಸರ್ಕಾರಕ್ಕೆ ಹೋಗುತ್ತದೆ. ಯಾರ ಪ್ಯಾನ್ ನಂಬರಿನಲ್ಲಿ? ಹಣ ಯಾರ ಖಾತೆಗೆ ಹೋಯಿತೋ ಅವರದ್ದರಲ್ಲಿ. ನನ್ನ ಹಳೆಯ ಮ್ಯಾನೇಜರ್ ಎಲ್ಲ ಪೇಮೆಂಟನ್ನೂ ತನ್ನ ಖಾತೆಗೆ ಹಾಕಿಸಿಕೊಂಡು, ತನ್ನ ಪಾಲು ತೆಗೆದು ನನಗೆ ಕಳಿಸುತ್ತಿದ್ದ. ರಿಟರ್ನ್ಸ್ ಹಾಕುವಾಗ 26ಎಎಸ್, ಅಂದರೆ ನಮ್ಮ ಪ್ಯಾನ್‌ನಲ್ಲಿ ಎಷ್ಟು ತೆರಿಗೆ ಜಮಾ ಆಗಿದೆ ಅಂತ ತೋರಿಸುವ ಪಟ್ಟಿ, ತೆಗೆದು ನೋಡಿದರೆ ನನ್ನ ಹೆಸರಿನಲ್ಲಿ ಒಂದೇ ಒಂದು ಎಂಟ್ರಿ ಇಲ್ಲ. ದುಡಿದದ್ದು ನಾವು, ತೆರಿಗೆ ಕಟ್ಟಿದ ಲೆಕ್ಕ ಅವನದು, ರಿಫಂಡೂ ಅವನಿಗೇ. ಅಂದಿನಿಂದ ನನ್ನ ನಿಯಮ ಒಂದೇ. ಹಣ ಮೊದಲು ಬ್ಯಾಂಡಿನ ಖಾತೆಗೆ ಬರಬೇಕು, ಅಲ್ಲಿಂದ ಬಿಲ್ ಪಡೆದು ಕಮಿಷನ್ ಕೊಡುತ್ತೇನೆ. ಇದಕ್ಕೆ ಒಪ್ಪದವರ ಜೊತೆ ಚಹಾ ಕುಡಿದು ಎದ್ದು ಬರುವುದೇ ಸರಿ.

ಜಿಎಸ್‌ಟಿ ಬಗ್ಗೆ ಎರಡೇ ಮಾತು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಶಾಸ್ತ್ರೀಯ ಅಥವಾ ಜಾನಪದ ಕಲೆಯ ಪ್ರದರ್ಶನಕ್ಕೆ, ಸಂಭಾವನೆ ಒಂದೂವರೆ ಲಕ್ಷ ಮೀರದಿದ್ದರೆ ವಿನಾಯಿತಿ ಇದೆ. ಗಿಟಾರ್ ಹಾಕಿದ ತತ್ವಪದ ಜಾನಪದವೋ ಅಲ್ಲವೋ ಅಂತ ಮ್ಯಾನೇಜರನ್ನು ಕೇಳಬೇಡಿ, ಸಿಎಯವರನ್ನು ಕೇಳಿ. ವರ್ಷಕ್ಕೆ ಎರಡು ಸಲ ಸಿಎ ಹತ್ತಿರ ಕೂತರೆ ಮ್ಯಾನೇಜರ್ ಮಾಡುವ ಕೆಲಸದಲ್ಲಿ ಒಂದು ತುಂಡು ಹಾಗೇ ಮುಗಿಯುತ್ತದೆ.

ಒಂದೇ ಹೆಸರು, ಬೇರೆ ಬೇರೆ ಕೆಲಸ

ನಮ್ಮಲ್ಲಿ ಎಲ್ಲರೂ ಮ್ಯಾನೇಜರೇ. ಶೋ ಹಿಡಿದು ಕೊಡುವವರು ಬುಕಿಂಗ್ ಏಜೆಂಟ್. ಈವೆಂಟ್ ಕಂಪನಿಯ ಕಡೆಯಿಂದ ನಿಮ್ಮನ್ನು ನೋಡಿಕೊಳ್ಳುವವರು ಕೋಆರ್ಡಿನೇಟರ್, ಅವರು ಅವರ ಕಂಪನಿಯ ಜನ ಅನ್ನುವುದನ್ನು ಮರೆಯಬೇಡಿ. ಪತ್ರಿಕೆ, ಇನ್‌ಸ್ಟಾಗ್ರಾಂ ನೋಡಿಕೊಳ್ಳುವವರು ಪಿಆರ್. ಶೋ ದಿನ ಗಾಡಿಯಲ್ಲಿ ಬಂದು ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಸ್ಟೇಜ್ ಹತ್ತಿಸುವವರು ಟೂರ್ ಮ್ಯಾನೇಜರ್. ಇವರೆಲ್ಲರ ಮೇಲೆ ಕಣ್ಣಿಟ್ಟು, ಎರಡು ವರ್ಷದ ನಂತರ ನೀವು ಎಲ್ಲಿರಬೇಕು ಅಂತ ನಿಮ್ಮ ಪರವಾಗಿ ಯೋಚಿಸುವವರೇ ನಿಜವಾದ ಮ್ಯಾನೇಜರ್. "ಎಲ್ಲಾ ನಾನೇ ಮಾಡ್ತೀನಿ ಮೇಡಂ" ಅನ್ನುವವರನ್ನು ಕಂಡರೆ ನನಗೆ ಭಯ. ನಿಮ್ಮ ನೋಟ್‌ಬುಕ್ ತೋರಿಸಿ, "ಇದರಲ್ಲಿ ಯಾವ ಸಾಲು ನಿಮ್ಮದು?" ಅಂತ ಕೇಳಿ. ಕೆಲಸ ಗೊತ್ತಿರುವವರು ಪೆನ್ ತೆಗೆದು ಗುರುತು ಹಾಕುತ್ತಾರೆ.

ಮ್ಯಾನೇಜರ್‌ಗೆ ಇರುವ ಮಿತಿ ನಿಮ್ಮ ಮಿತಿಯೂ ಆಗುತ್ತದೆ, ಇದೂ ಗೊತ್ತಿರಲಿ. ಎಲ್ವಿಸ್ ಪ್ರೀಸ್ಲಿ ಅಷ್ಟು ದೊಡ್ಡ ಹಾಡುಗಾರ. ಅವನು ಅಮೆರಿಕದ ಹೊರಗೆ ಶೋ ಕೊಟ್ಟಿದ್ದು 1957ರಲ್ಲಿ, ಪಕ್ಕದ ಕೆನಡಾದಲ್ಲಿ ಮಾತ್ರ. ಅವನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಅಸಲಿಗೆ ನೆದರ್ಲೆಂಡ್ಸ್‌ನಿಂದ ಕಾಗದಪತ್ರ ಇಲ್ಲದೆ ಬಂದವನು. ದೇಶ ಬಿಟ್ಟರೆ ವಾಪಸ್ ಬಿಡುವುದಿಲ್ಲ ಅನ್ನುವ ಹೆದರಿಕೆಯೇ ಇದಕ್ಕೆ ಕಾರಣ ಅಂತ ತುಂಬಾ ಜನ ನಂಬುತ್ತಾರೆ. ಬೆಂಗಳೂರಿನ ಪಬ್ಬುಗಳಷ್ಟೇ ಗೊತ್ತಿರುವ ಮ್ಯಾನೇಜರ್ ಇಟ್ಟುಕೊಂಡರೆ ನಿಮ್ಮ ಬ್ಯಾಂಡಿಗೆ ಬನವಾಸಿಯ ಕದಂಬೋತ್ಸವವಾಗಲಿ ಹಂಪಿ ಉತ್ಸವವಾಗಲಿ ಕಾಣುವುದಿಲ್ಲ.

ಮದುವೆಗೆ ಮುಂಚೆ ಒಂದು ಸಣ್ಣ ಪರೀಕ್ಷೆ

ಈಗಿನ ನಮ್ಮ ಮ್ಯಾನೇಜರ್ ಹುಬ್ಬಳ್ಳಿ ಹುಡುಗಿ. ಮೊದಲು ಒಂದು ಸೌಂಡ್ ಬಾಡಿಗೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಆಮೇಲೆ ಈವೆಂಟ್ ಕಂಪನಿಯಲ್ಲಿ ನಾಲ್ಕು ವರ್ಷ ಇದ್ದಳು. 2022ರ ಡಿಸೆಂಬರ್‌ನಲ್ಲಿ ಅವಳಿಗೆ ನಾನು ಕೊಟ್ಟಿದ್ದು ಒಂದೇ ಕೆಲಸ, ಆ ₹1,85,000 ಬಾಕಿ. ವಸೂಲಿಯಾದದ್ದರಲ್ಲಿ 10 ಪರ್ಸೆಂಟ್ ಅವಳಿಗೆ. ಇನ್ನೇನೂ ಮಾತಿಲ್ಲ.

ಐದು ವಾರದಲ್ಲಿ ನಾಲ್ಕರಲ್ಲಿ ಮೂರು ಕಡೆಯ ಹಣ ಬಂತು. ಒಂದು ಸರ್ಕಾರಿ ಉತ್ಸವದ ಹಣ ನಿಂತಿದ್ದು ಯಾಕೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಕೊಟ್ಟ ಬಿಲ್ಲಿನ ಜೊತೆ ಪಾಸ್‌ಬುಕ್ ಪ್ರತಿ ಇರಲಿಲ್ಲ, ಅಷ್ಟೇ. ಎರಡು ಸಲ ಆಫೀಸಿಗೆ ಹೋಗಿ ಜಗಳ ಆಡಿ ಬಂದಿದ್ದೆ ನಾನು. ಅವಳು ಯಾವ ಪೇಪರ್ ಬೇಕು ಅಂತ ಕೇಳಿದಳು. "ಅಕ್ಕಾ, ರೊಕ್ಕ ಬಂದೈತಿ ನೋಡ್ರಿ" ಅಂತ ಫೋನ್ ಮಾಡಿದ ದಿನ ನಾನು ಶಿರಸಿಯಲ್ಲಿದ್ದೆ.

ಹಣ ಬಂದದ್ದಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಬೇರೆ. ಆ ಮೂವರಲ್ಲಿ ಇಬ್ಬರು ಮುಂದಿನ ವರ್ಷ ಮತ್ತೆ ನಮ್ಮನ್ನೇ ಕರೆದರು. ಬಾಕಿ ಕೇಳಿಯೂ ಸಂಬಂಧ ಕೆಡಿಸಿಕೊಳ್ಳದಿರುವುದು ಎಲ್ಲರಿಗೂ ಬರುವ ಕಲೆ ಅಲ್ಲ.

ಎರಡನೇ ಪರೀಕ್ಷೆ, ನಮ್ಮ ಪರವಾಗಿ ಒಂದು ಶೋ ಬೇಡ ಅನ್ನುವುದು. ನನ್ನ ಎದುರಿಗೇ ಸ್ಪೀಕರ್ ಹಾಕಿ ಮಾತಾಡು ಅಂದೆ. ಅವಳು ಕ್ಷಮೆಯನ್ನೂ ಜಾಸ್ತಿ ಕೇಳಲಿಲ್ಲ, ಕಾರಣವನ್ನೂ ಉದ್ದ ಮಾಡಲಿಲ್ಲ. ಆ ದಿನಕ್ಕೆ ಬೇರೆ ಎರಡು ತಂಡದ ಹೆಸರು ಹೇಳಿ ಇಟ್ಟಳು. ನಿಮ್ಮ ಹೆಸರಲ್ಲಿ ಬೇರೆಯವರು ಹೇಗೆ ಮಾತಾಡುತ್ತಾರೆ ಅಂತ ಕಿವಿಯಾರೆ ಕೇಳದೆ ಯಾರನ್ನೂ ನೇಮಿಸಬೇಡಿ. ಅವರ ಬಗ್ಗೆ ವಿಚಾರಿಸುವುದಿದ್ದರೆ ಕಲಾವಿದರನ್ನು ಬಿಡಿ, ಸೌಂಡಿನವರನ್ನು, ಲೈಟಿನವರನ್ನು ಕೇಳಿ. ಯಾರು ಪೇಮೆಂಟ್ ಕೊಡದೆ ಓಡಿಹೋಗುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರುವುದಿಲ್ಲ.

ಎರಡನೇ ಪುಟವನ್ನೂ ಓದಿ

ಆರು ತಿಂಗಳ ಪ್ರಯೋಗ ಆದಮೇಲೆ ಕಾಗದ. ಮೊದಲ ಒಪ್ಪಂದ ಒಂದು ವರ್ಷಕ್ಕಿಂತ ಜಾಸ್ತಿ ಬೇಡ. ಇಬ್ಬರಲ್ಲಿ ಯಾರಾದರೂ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಗೆ ಬರುವಂತಿರಲಿ. ಯಾವ ಆದಾಯಕ್ಕೆ ಕಮಿಷನ್ ಇಲ್ಲ ಅನ್ನುವುದನ್ನು ಹೆಸರಿಟ್ಟು ಬರೆಯಿರಿ. ನಮ್ಮದರಲ್ಲಿ ನನ್ನ ಪಾಠದ ಫೀಸು, ಅವಳು ಬರುವ ಮೊದಲೇ ಒಪ್ಪಿಕೊಂಡ ಶೋಗಳು, ರಾಯಲ್ಟಿ, ಈ ಮೂರೂ ಹೊರಗೆ. ಪವರ್ ಆಫ್ ಅಟಾರ್ನಿ ಕೇಳಿದರೆ ಕೊಡಬೇಡಿ. ನಿಮ್ಮ ಸಹಿ ನಿಮ್ಮ ಕೈಯಲ್ಲೇ ಇರಲಿ.

ಒಪ್ಪಂದ ಮುಗಿದ ಮೇಲಿನ ಮಾತು ಬಹಳ ಮುಖ್ಯ. ನನ್ನ ಹಳೆಯ ಅಗ್ರಿಮೆಂಟಿನಲ್ಲಿ, ಮುಗಿದ ಮೇಲೂ ಎರಡು ವರ್ಷ ಬೇರೆ ಮ್ಯಾನೇಜರ್ ಇಟ್ಟುಕೊಳ್ಳುವಂತಿಲ್ಲ ಅಂತ ಇತ್ತು. ನಾನು ಹೆದರಿ ಕೂತಿದ್ದೆ. ಒಬ್ಬ ವಕೀಲರು ಕ್ರಿಕೆಟಿಗ ಜಹೀರ್ ಖಾನ್ ಕಥೆ ಹೇಳಿದರು. 2000ದಲ್ಲಿ ಅವರು ಒಂದು ಕಂಪನಿ ಜೊತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡಿದ್ದರು. ಅವಧಿ ಮುಗಿದ ಮೇಲೂ ಬೇರೆ ಯಾರಾದರೂ ಕರೆದರೆ ಮೊದಲು ನಮಗೆ ಹೇಳಬೇಕು, ಅಷ್ಟೇ ಹಣ ನಾವು ಕೊಟ್ಟರೆ ನಮ್ಮಲ್ಲೇ ಇರಬೇಕು ಅಂತ ಅದರಲ್ಲಿ ಒಂದು ಷರತ್ತು. ಜಹೀರ್ ಬೇರೆ ಕಂಪನಿಗೆ ಹೋದರು, ಇವರು ಕೋರ್ಟಿಗೆ ಹೋದರು. 2006ರಲ್ಲಿ ಸುಪ್ರೀಂ ಕೋರ್ಟ್ ಜಹೀರ್‌ರನ್ನು ತಡೆಯಲು ಒಪ್ಪಲಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಇದಕ್ಕೆ ಆಧಾರ. ಒಪ್ಪಂದ ಮುಗಿದ ಮೇಲೂ ಒಬ್ಬರು ದುಡಿಯದಂತೆ ಕಟ್ಟಿಹಾಕುವ ಕರಾರು ನಿಲ್ಲುವುದಿಲ್ಲ.

ಆದರೆ ಕಮಿಷನ್ ಬಾಕಿ ಬೇರೆ ವಿಷಯ. ಮ್ಯಾನೇಜರ್ ಇದ್ದಾಗ ಖಚಿತವಾದ ಶೋ, ಅವರು ಹೋದಮೇಲೆ ನಡೆದರೂ ಅವರ ಪಾಲು ಕೊಡಬೇಕು, ಅದು ನ್ಯಾಯ. ಎಷ್ಟು ದಿನದವರೆಗೆ ಅಂತ ಬರೆಯಿರಿ. ನಾವು ಆರು ತಿಂಗಳು ಅಂತ ಇಟ್ಟಿದ್ದೇವೆ.

ರಾಯಲ್ಟಿ ವಿಷಯದಲ್ಲಿ ಮ್ಯಾನೇಜರ್‌ಗೆ ಕಾಯಬೇಡಿ. ನೀವು ರಾಗ ಹಾಕುವವರು, ಹಾಡು ಬರೆಯುವವರು ಆಗಿದ್ದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್‌ಗೆ ನಿಮ್ಮ ಹೆಸರಿನಲ್ಲೇ ಸದಸ್ಯರಾಗಿ. 1969ರಿಂದ ಇರುವ ಸಂಘ. ಹಾಡುವವರಿಗೆ, ನುಡಿಸುವವರಿಗೆ ಇಸಾಮ್ರಾ ಅಂತ ಬೇರೆ ಸಂಘ ಇದೆ, ಮೊದಲು ಅದರ ಹೆಸರು ಇಸ್ರಾ ಅಂತಿತ್ತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಹಕ್ಕನ್ನು ವಾರಸುದಾರರಿಗೆ ಅಥವಾ ಇಂಥ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಮ್ಯಾನೇಜರ್ ಕೇಳಿದರೆ ಇದನ್ನೇ ಹೇಳಿ.

ಪಾಸ್‌ವರ್ಡ್ ಕೊಡಬೇಡಿ. ನಮ್ಮ ಹಳೆಯ ಯೂಟ್ಯೂಬ್ ಚಾನೆಲ್ ಆ ಮೊದಲ ಮ್ಯಾನೇಜರ್‌ನ ಇಮೇಲ್‌ನಲ್ಲಿತ್ತು, ವಾಪಸ್ ಪಡೆಯಲು ನಾಲ್ಕು ತಿಂಗಳು ಹಿಡಿಯಿತು. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಅಂತ ಇದೆ. ಪಾಸ್‌ವರ್ಡ್ ಹೇಳದೆಯೇ ಅವರನ್ನು ಸೇರಿಸಬಹುದು, ಬೇಡವಾದ ದಿನ ತೆಗೆಯಬಹುದು. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲೂ ಹೀಗೇ. ಹಾಡು ಬಿಡುಗಡೆ ಮಾಡುವ ಡಿಸ್ಟ್ರಿಬ್ಯೂಟರ್ ಖಾತೆ ಮಾತ್ರ ನಿಮ್ಮ ಇಮೇಲ್, ನಿಮ್ಮ ಬ್ಯಾಂಕ್.

ನಮ್ಮ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2023ರ ಜೂನ್‌ನಲ್ಲಿ. ಅದರ ಕೊನೆಯ ಸಾಲು ಅವಳೇ ಸೇರಿಸಿದ್ದು. ಧಾರವಾಡದ ಹತ್ತಿರದ ನಮ್ಮ ಊರಿನ ಜಾತ್ರೆಗೆ ನಾನು ಪ್ರತಿ ವರ್ಷ ಹಾಡುತ್ತೇನೆ, ಅವರು ಕೊಡುವುದು ಒಂದು ಸೀರೆ, ಒಂದು ತೆಂಗಿನಕಾಯಿ, ಗಾಡಿ ಖರ್ಚು. "ಇದರ ಫೋನ್ ನೀವ ಎತ್ತ್ರಿ ಅಕ್ಕಾ, ಇದರಾಗ ನನಗ ಏನೂ ಬ್ಯಾಡ" ಅಂದಳು. ಕಾಗದದಲ್ಲಿ "ಊರಿನ ಜಾತ್ರೆ ಹೊರತುಪಡಿಸಿ" ಅಂತ ಇದೆ. ಆದರೂ ಪ್ರತಿ ವರ್ಷ ಬರುತ್ತಾಳೆ. ಸೌಂಡ್ ಚೆಕ್ ಮುಗಿಯುವವರೆಗೆ ಸ್ಟೇಜಿನ ಪಕ್ಕ ನಿಂತಿರುತ್ತಾಳೆ, ಆಮೇಲೆ ಗಿರ್ಮಿಟ್ ಅಂಗಡಿ ಹುಡುಕಿಕೊಂಡು ಹೋಗುತ್ತಾಳೆ.